ಇಡೀ ಗುಡ್ಡಕ್ಕೆ ಒಂದೇ ಅಂಕಿ ಬೇಡ: ಇಳಿಜಾರು ಹೊಲಗಳ ಯೋಜನೆ ಮಾಡುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಇಳಿಜಾರು ಹೊಲಗಳಲ್ಲಿ ಬದು ಎಲ್ಲಿ ಹಾಕಬೇಕು, ಕಂದಕ ಎಷ್ಟು ಆಳ ತೋಡಬೇಕು, ನೀರನ್ನು ಎಲ್ಲಿ ತಡೆದು ನಿಲ್ಲಿಸಬೇಕು ಎಂದು ತೀರ್ಮಾನ ಮಾಡುವವರು ನೀವು. ನಿಮ್ಮಲ್ಲಿ ಎಂಜಿನಿಯರುಗಳಿದ್ದೀರಿ, ಮಣ್ಣು ತಜ್ಞರಿದ್ದೀರಿ, ಕಡತಕ್ಕೆ ಸಹಿ ಹಾಕುವ ಅಧಿಕಾರಿಗಳಿದ್ದೀರಿ, ಕಂಪ್ಯೂಟರಿನಲ್ಲಿ ಪ್ರವಾಹದ ಲೆಕ್ಕ ಹಾಕುವವರಿದ್ದೀರಿ. ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ.

ಯೋಜನಾ ವರದಿಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ಒಂದು ಸಾಲಿದೆ. ಮಣ್ಣಿನ ಜಾತಿ ಇಂಥದ್ದು, ನೀರು ಇಂಗುವ ವೇಗ ಗಂಟೆಗೆ ಇಷ್ಟು ಮಿಲಿಮೀಟರ್. ಅಷ್ಟೇ. ನೆತ್ತಿಯಿಂದ ಬುಡದವರೆಗೆ, ವರ್ಷದ ಎಲ್ಲ ತಿಂಗಳಿಗೂ ಆ ಒಂದೇ ಅಂಕಿ. ಬದುವಿನ ಎತ್ತರ, ಕಂದಕದ ಅಗಲ, ಕೋಡಿಯ ಗಾತ್ರ ಎಲ್ಲವೂ ಆ ಅಂಕಿಯ ಮೇಲೆ ನಿಂತಿರುತ್ತವೆ. ನಾನು ಕೇಳುವುದು ಇಷ್ಟೇ. ಆ ಒಂದು ಅಂಕಿಯನ್ನು ಬಿಡಿ. ಗುಡ್ಡದ ಯಾವ ಜಾಗದಲ್ಲಿ, ಯಾವ ಕಾಲದಲ್ಲಿ ನೀರು ಎಷ್ಟು ಇಂಗುತ್ತದೆ ಎಂದು ಅಳೆದು ನೋಡಿ, ಆಮೇಲೆ ಗೆರೆ ಎಳೆಯಿರಿ.

ಸರಾಸರಿ ಸಾಕಲ್ವಾ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಎರಡು ಹೆಕ್ಟೇರಿನ ಒಂದು ಇಳಿಜಾರು ಹೊಲ ಇದೆ ಎಂದುಕೊಳ್ಳಿ. ಮೇಲಿನ ಒಂದು ಹೆಕ್ಟೇರಿನ ಮಣ್ಣು ಗಂಟೆಗೆ 5 ಮಿಲಿಮೀಟರ್ ನೀರು ಕುಡಿಯುತ್ತದೆ. ಕೆಳಗಿನ ಒಂದು ಹೆಕ್ಟೇರಿನದು ಗಂಟೆಗೆ 55 ಮಿಲಿಮೀಟರ್. ಸರಾಸರಿ 30. ಈಗ ಒಂದು ಗಂಟೆಯಲ್ಲಿ 30 ಮಿಲಿಮೀಟರ್ ಮಳೆ ಬಿತ್ತು. ಸರಾಸರಿ ನೋಡಿದರೆ ಒಂದು ಹನಿಯೂ ಹರಿದು ಹೋಗಬಾರದು. ನಿಜವಾಗಿ ಏನಾಗುತ್ತದೆ? ಮೇಲಿನ ಅರ್ಧದಲ್ಲಿ 25 ಮಿಲಿಮೀಟರ್ ನೀರು ಇಂಗದೆ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಅರ್ಧಕ್ಕೆ ತನ್ನ ಮಳೆ 30, ಮೇಲಿನಿಂದ ಬಂದದ್ದು 25, ಒಟ್ಟು 55. ಅದು ಅಷ್ಟನ್ನೂ ಕುಡಿಯುತ್ತದೆ. ಹೊಲದಿಂದ ಹೊರಗೆ ನೀರು ಹೋಗುವುದಿಲ್ಲ.

ಈಗ ಅದೇ ಎರಡು ತುಂಡುಗಳನ್ನು ತಿರುಗಿಸಿ ಇಡಿ. ಚೆನ್ನಾಗಿ ಕುಡಿಯುವ ಮಣ್ಣು ಮೇಲೆ, ಕುಡಿಯದ ಮಣ್ಣು ಕೆಳಗೆ. ಮೇಲಿನದು ತನ್ನ ಮೇಲೆ ಬಿದ್ದ 30 ಮಿಲಿಮೀಟರನ್ನೂ ಕುಡಿಯುತ್ತದೆ. ಇನ್ನೂ 25 ಕುಡಿಯುವ ಶಕ್ತಿ ಅದಕ್ಕಿದೆ, ಆದರೆ ಅದಕ್ಕೆ ನೀರೇ ಬರುವುದಿಲ್ಲ. ಕೆಳಗಿನದು 5 ಕುಡಿದು 25 ಬಿಡುತ್ತದೆ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ 10,000 ಲೀಟರ್. ಹಾಗಾಗಿ ಒಂದೇ ಗಂಟೆಯಲ್ಲಿ 2,50,000 ಲೀಟರ್ ನೀರು ಹೊಲ ಬಿಟ್ಟು ಹೋಗುತ್ತದೆ. ಹೊಲ ಅದೇ ಅಳತೆಯದು, ಮಳೆ ಅದೇ, ಸರಾಸರಿಯೂ ಅದೇ. ಬದಲಾಗಿದ್ದು ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಮಾತ್ರ.

ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬೇಕು. ಮೊದಲ ಸಂದರ್ಭದಲ್ಲಿ ನೀರೆಲ್ಲ ಇಂಗಿತು ಎಂದು ನಾನು ಹೇಳಿದ್ದು, ಮೇಲಿನಿಂದ ಬಂದ ನೀರು ಕೆಳಗಿನ ಹೊಲದ ತುಂಬ ಹರಡಿಕೊಂಡರೆ ಮಾತ್ರ ನಿಜ. ಅದು ಒಂದು ಕೊರಕಲು ಹಿಡಿದು ಇಳಿದರೆ ಕಥೆ ಬೇರೆ. ಎರಡಡಿ ಅಗಲದ ಓಟದಲ್ಲಿ ಹೋಗುವ ನೀರಿಗೆ ಇಡೀ ಹೆಕ್ಟೇರಿನ ಬಾಯಿ ಸಿಗುವುದಿಲ್ಲ. ಅಂದರೆ ಆ ಹೊಲಕ್ಕೆ ಬೇಕಾದದ್ದು ನೀರು ಹಿಡಿಯುವ ದೊಡ್ಡ ಗುಂಡಿಯಲ್ಲ. ನೀರನ್ನು ಸಮನಾಗಿ ಹರಡುವ ಒಂದು ತಗ್ಗು ಬದು. ಎರಡನೇ ಹೊಲಕ್ಕೆ ಬೇರೆಯೇ ಮದ್ದು ಬೇಕು. ಸರಾಸರಿ ಮಾತ್ರ ಇರುವ ವರದಿಯಿಂದ ಇದು ಯಾರಿಗೂ ತಿಳಿಯಲು ಸಾಧ್ಯವಿಲ್ಲ.

ಇಷ್ಟು ವ್ಯತ್ಯಾಸ ನಿಜವಾಗಿಯೂ ಇರುತ್ತದೆಯೇ ಎಂದು ನೀವು ಕೇಳಬಹುದು. ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಪುಸ್ತಕಗಳಲ್ಲಿ ಸಿಗುವ ಕೋಷ್ಟಕ ನಿಮಗೆ ಗೊತ್ತು. ಮರಳು ಮಣ್ಣಿಗೆ ಗಂಟೆಗೆ 30 ಮಿಲಿಮೀಟರಿಗಿಂತ ಹೆಚ್ಚು, ಗೋಡು ಮಣ್ಣಿಗೆ 10ರಿಂದ 20, ಜೇಡಿ ಮಣ್ಣಿಗೆ 1ರಿಂದ 5. ಈ ಕೋಷ್ಟಕ ಮಣ್ಣಿನ ಕಣದ ಗಾತ್ರ ಒಂದನ್ನೇ ನೋಡಿ ಮಾಡಿದ್ದು. ಆದರೆ ನೀರು ಕಣದೊಳಗೆ ಇಳಿಯುವುದಿಲ್ಲ, ಕಣಗಳ ನಡುವಿನ ಸಂದಿಯಲ್ಲಿ ಇಳಿಯುತ್ತದೆ. ಸಂದಿಯ ಗಾತ್ರವನ್ನು ಬೇರು ಬದಲಾಯಿಸುತ್ತದೆ, ಎರೆಹುಳು ಬದಲಾಯಿಸುತ್ತದೆ, ನೇಗಿಲು ಬದಲಾಯಿಸುತ್ತದೆ, ಟ್ರ್ಯಾಕ್ಟರಿನ ಗಾಲಿ ಬದಲಾಯಿಸುತ್ತದೆ.

ಇಲ್ಲಿ ಭೌತಶಾಸ್ತ್ರದ ಒಂದು ನಿಯಮ ಇದೆ. ಅದನ್ನು ಮನಸ್ಸಿಗೆ ತಂದುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಸಣ್ಣ ಕೊಳವೆಯೊಂದರಲ್ಲಿ ಹರಿಯುವ ನೀರಿನ ಪ್ರಮಾಣ ಅದರ ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಗಲ ಎರಡು ಪಟ್ಟಾದರೆ ನೀರು 16 ಪಟ್ಟು. ಅಗಲ ಹತ್ತು ಪಟ್ಟಾದರೆ ನೀರು 10,000 ಪಟ್ಟು. ಒಂದು ಮಿಲಿಮೀಟರ್ ಅಗಲದ ಒಂದೇ ಒಂದು ಹುಳುವಿನ ಬಿಲ, ಅದರ ಹತ್ತನೇ ಒಂದು ಭಾಗ ಅಗಲವಿರುವ ಹತ್ತು ಸಾವಿರ ಸಂದಿಗಳಷ್ಟು ನೀರನ್ನು ಒಯ್ಯಬಲ್ಲದು. ಹೀಗಿರುವಾಗ ಒಂದೇ ಜಾತಿಯ ಮಣ್ಣಿನಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿ, ಇಂಗುವ ವೇಗ ಹತ್ತು ಪಟ್ಟು ಬೇರೆಯಾದರೆ ಅದು ಅಳತೆಯ ತಪ್ಪಲ್ಲ. ಮಣ್ಣು ಇರುವುದೇ ಹಾಗೆ.

1973ರಲ್ಲಿ ನೀಲ್ಸನ್, ಬಿಗ್ಗರ್, ಎರ್ ಎಂಬ ಮೂವರು ವಿಜ್ಞಾನಿಗಳು ಕ್ಯಾಲಿಫೋರ್ನಿಯಾದ 150 ಹೆಕ್ಟೇರಿನ ಒಂದು ಹೊಲದಲ್ಲಿ ಮಾಡಿದ ಅಧ್ಯಯನ ಈಗಲೂ ಓದುವಂಥದ್ದು. ಅದು ಗುಡ್ಡವಲ್ಲ, ಸಮತಟ್ಟಾದ ನೆಲ. ಮಣ್ಣೂ ಒಂದೇ ಬಗೆಯದು. 20 ತಾಕುಗಳಲ್ಲಿ ಅಳೆದರು. ಮಣ್ಣಿನಲ್ಲಿರುವ ತೇವಾಂಶ ಜಾಗದಿಂದ ಜಾಗಕ್ಕೆ ಅಷ್ಟೇನೂ ಬದಲಾಗಲಿಲ್ಲ. ನೀರು ಸಾಗುವ ವೇಗ ಮಾತ್ರ ವಿಪರೀತ ಬದಲಾಯಿತು. ಬಹುಪಾಲು ಜಾಗಗಳಲ್ಲಿ ಕಡಿಮೆ, ಕೆಲವೇ ಜಾಗಗಳಲ್ಲಿ ತುಂಬಾ ಜಾಸ್ತಿ. ಈ ಬಗೆಯ ಹಂಚಿಕೆಯಲ್ಲಿ ಮಾಮೂಲಿ ಸರಾಸರಿ ದಾರಿ ತಪ್ಪಿಸುತ್ತದೆ. ಐದು ಜಾಗದಲ್ಲಿ ಅಳೆದಾಗ 2, 4, 6, 8, 80 ಬಂತು ಎನ್ನಿ. ಸರಾಸರಿ 20. ಆದರೆ ಐದರಲ್ಲಿ ನಾಲ್ಕು ಜಾಗ ಅದರ ಅರ್ಧಕ್ಕೂ ಮುಟ್ಟಿಲ್ಲ. 20 ಎಂದು ನಂಬಿ ಬದು ಕಟ್ಟಿದರೆ ಹೊಲದ ಬಹುಭಾಗದಲ್ಲಿ ನೀರು ಉಕ್ಕಿ ಬದು ಒಡೆಯುತ್ತದೆ. ಸಮತಟ್ಟು ನೆಲದಲ್ಲೇ ಹೀಗಾದರೆ, ನೂರಾರು ವರ್ಷ ಉಳುಮೆ ಕಂಡ ಗುಡ್ಡದ ಮಾತೇನು?

ಗುಡ್ಡದಲ್ಲಿ ಈ ವ್ಯತ್ಯಾಸಕ್ಕೆ ಒಂದು ಕ್ರಮ ಇರುತ್ತದೆ. ಅದೇ ನಿಮಗೆ ಸಹಾಯಕ್ಕೆ ಬರುವ ಸಂಗತಿ. ನೆತ್ತಿ ಮುಗಿದು ಇಳಿಜಾರು ಶುರುವಾಗುವ ಉಬ್ಬು ಜಾಗವನ್ನು ಹೆಗಲು ಎನ್ನೋಣ. ಪ್ರತಿ ಉಳುಮೆಯಲ್ಲೂ ನೇಗಿಲು ಮಣ್ಣನ್ನು ಎತ್ತಿ ಸ್ವಲ್ಪ ಕೆಳಕ್ಕೆ ಬೀಳಿಸುತ್ತದೆ. ಮಳೆ ಇಲ್ಲದಿದ್ದರೂ ಇದು ನಡೆಯುತ್ತದೆ. ಹೆಗಲಿನಿಂದ ಮಣ್ಣು ಹೋಗುತ್ತದೆ, ಮೇಲಿನಿಂದ ಅಷ್ಟೇ ಮಣ್ಣು ಬರುವುದಿಲ್ಲ. ವರ್ಷಗಳು ಕಳೆದಂತೆ ಅಲ್ಲಿ ಮೇಲ್ಮಣ್ಣು ತೆಳುವಾಗಿ, ಒಳಗಿನ ಗಟ್ಟಿ ಮಣ್ಣೇ ಮೇಲೆ ಕಾಣತೊಡಗುತ್ತದೆ. ದೂರದಿಂದ ನೋಡಿದರೂ ಆ ಜಾಗದ ಬಣ್ಣ ಬೇರೆ ಇರುತ್ತದೆ. ಅಲ್ಲಿ ಸಾವಯವ ಅಂಶ ಕಡಿಮೆ, ಹೆಂಟೆಗಳು ಮಳೆಗೆ ಬೇಗ ಕರಗುತ್ತವೆ, ನೀರು ಇಂಗುವುದು ನಿಧಾನ. ಕೆಳಕ್ಕೆ ಬಂದ ಮಣ್ಣೆಲ್ಲ ಬುಡದಲ್ಲಿ, ಹಳೆಯ ಬದುಗಳ ಬೆನ್ನಿಗೆ ಸೇರಿ ದಪ್ಪನೆಯ ಸಡಿಲ ಪದರವಾಗಿ ಕೂರುತ್ತದೆ.

ಹಾಗಾದರೆ ಬುಡದಲ್ಲಿ ನೀರು ಚೆನ್ನಾಗಿ ಇಂಗಬೇಕಲ್ಲ? ಮಳೆಗಾಲದ ಶುರುವಿನಲ್ಲಿ ಹೌದು. ನಡುವಿನಲ್ಲಿ ಇಲ್ಲ. ಇದು ನೀವು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ ಮಾತು.

ನೀರು ಇಂಗದೆ ಹರಿಯುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಒಂದು, ಮಳೆ ಬೀಳುವ ವೇಗಕ್ಕೆ ಮಣ್ಣು ಕುಡಿಯುವ ವೇಗ ಸಾಲದೆ ಹೋಗುವುದು. ಅಮೆರಿಕದ ಜಲವಿಜ್ಞಾನಿ ರಾಬರ್ಟ್ ಹಾರ್ಟನ್ 1933ರಲ್ಲಿ ವಿವರಿಸಿದ್ದು ಇದನ್ನು. ಒಣ ಮಣ್ಣು ಮೊದಲು ಜೋರಾಗಿ ಎಳೆದುಕೊಳ್ಳುತ್ತದೆ, ಆಮೇಲೆ ವೇಗ ಇಳಿಯುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಮಳೆ ಆ ಮಟ್ಟವನ್ನು ಮೀರಿದರೆ ನೀರು ಹರಿಯುತ್ತದೆ. ಎರಡನೆಯದು ಪೂರ್ತಿ ಬೇರೆ. ಮಣ್ಣಿಗೆ ಕುಡಿಯುವ ಶಕ್ತಿ ಇದೆ, ಆದರೆ ಒಳಗೆ ಜಾಗ ಇಲ್ಲ. ಮೇಲಿನ ಹೊಲಗಳಲ್ಲಿ ಇಂಗಿದ ನೀರು ಮಣ್ಣಿನೊಳಗೇ ಓರೆಯಾಗಿ ಇಳಿದು ಬಂದು ಬುಡವನ್ನು ತುಂಬಿಸಿರುತ್ತದೆ. ಆಗ ಜಿಟಿಜಿಟಿ ಮಳೆ ಬಂದರೂ ಅಲ್ಲಿ ನೀರು ಹರಿಯುತ್ತದೆ. 1970ರಲ್ಲಿ ಡನ್ ಮತ್ತು ಬ್ಲ್ಯಾಕ್ ಎಂಬ ಸಂಶೋಧಕರು ಅಮೆರಿಕದ ವರ್ಮಾಂಟಿನ ಇಳಿಜಾರುಗಳಲ್ಲಿ ಇದನ್ನೇ ಅಳೆದು ತೋರಿಸಿದರು. ಅಲ್ಲಿ ಮೇಲ್ಮೈ ಮೇಲೆ ಹರಿದ ನೀರು ಬಂದದ್ದು ಇಡೀ ಗುಡ್ಡದಿಂದ ಅಲ್ಲ, ತೊರೆಯ ಪಕ್ಕದ ತೊಯ್ದು ತುಂಬಿದ ಸಣ್ಣ ಜಾಗಗಳಿಂದ. ಮಳೆ ಹೆಚ್ಚಾದಂತೆ ಆ ಜಾಗ ಹಿಗ್ಗುತ್ತದೆ, ಬಿಸಿಲಾದರೆ ಕುಗ್ಗುತ್ತದೆ.

ಈ ಎರಡಕ್ಕೂ ಮದ್ದು ಒಂದೇ ಅಲ್ಲ. ಹೆಗಲಿನಲ್ಲಿ ಹರಿಯುವ ನೀರಿಗೆ ಮಣ್ಣಿನ ಮೇಲ್ಮೈ ಸರಿಪಡಿಸಬೇಕು. ಹೊದಿಕೆ ಹಾಕಬೇಕು, ಗೊಬ್ಬರ ಸೇರಿಸಬೇಕು, ನೀರಿಗೆ ನಿಲ್ಲಲು ಸಮಯ ಕೊಡಬೇಕು. ಬುಡದಲ್ಲಿ ತುಂಬಿ ಹರಿಯುವ ನೀರಿಗೆ ಎಷ್ಟು ಹೊದಿಕೆ ಹಾಕಿದರೂ ಉಪಯೋಗವಿಲ್ಲ. ಅಲ್ಲಿ ಇಂಗುಗುಂಡಿ ತೋಡಿದರೆ ಗುಂಡಿಯ ತಳದಿಂದಲೇ ನೀರು ಮೇಲೆ ಬರುತ್ತದೆ. ಆದರೂ ಇಂಗುಗುಂಡಿಗಳು ಬುಡದಲ್ಲೇ ಸಾಲಾಗಿ ಬೀಳುತ್ತವೆ. ಅಲ್ಲಿ ಮಣ್ಣು ಮೆತ್ತಗಿರುತ್ತದೆ, ತೋಡಲು ಸುಲಭ, ಯಂತ್ರ ಹೋಗುತ್ತದೆ. ಕೆಲಸ ಸುಲಭ ಎನ್ನುವುದು ಜಾಗ ಆರಿಸಲು ಕಾರಣವಾಗಬಾರದು. ನಿಮ್ಮ ಮೇಲೆ ನನಗಿರುವ ದೊಡ್ಡ ಬೇಸರ ಇದೇ.

ಮೇಲ್ಮೈ ವಿಷಯಕ್ಕೆ ಬರುತ್ತೇನೆ. ಬರಿಗಾಲಲ್ಲಿ ನಡೆದರೂ ಗೊತ್ತಾಗದಷ್ಟು ತೆಳುವಾದ ಒಂದು ಹಕ್ಕಳೆ, ಕೆಲವೇ ಮಿಲಿಮೀಟರ್ ದಪ್ಪದ್ದು, ಇಡೀ ಹೊಲದ ಬಾಯಿ ಮುಚ್ಚಿಬಿಡಬಲ್ಲದು. ಜೋರು ಮಳೆಯ ದೊಡ್ಡ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಬರಿ ನೆಲದ ಹೆಂಟೆ ಒಡೆದು ಪುಡಿಯಾಗುತ್ತದೆ. ಆ ನುಣ್ಣನೆಯ ಪುಡಿ ಸಂದಿಗಳಲ್ಲಿ ಕೂತು ಒಣಗುತ್ತದೆ. ಕೆಳಗೆ ಒಂದು ಅಡಿ ಒಳ್ಳೆಯ ಸಡಿಲ ಮಣ್ಣಿದ್ದರೂ ನೀರಿಗೆ ಅಲ್ಲಿಗೆ ಹೋಗಲು ದಾರಿ ಇರುವುದಿಲ್ಲ. ಹೂಳು ಮತ್ತು ನುಣುಪು ಮರಳು ಹೆಚ್ಚಿರುವ, ಸಾವಯವ ಅಂಶ ಕಡಿಮೆ ಇರುವ ಮಣ್ಣಿನಲ್ಲಿ ಇದು ಜಾಸ್ತಿ. ಒಂದೆರಡು ಮಳೆ ಸಾಕು.

ಕಲ್ಲುಗಳ ವಿಷಯವೂ ಇದಕ್ಕೆ ಸೇರಿದ್ದೇ. ಹೊಲದಲ್ಲಿ ಕಲ್ಲು ಜಾಸ್ತಿ ಎಂದರೆ ನೀರು ಇಂಗುವುದು ಜಾಸ್ತಿಯೋ ಕಡಿಮೆಯೋ? ಕಲ್ಲು ಹೇಗೆ ಕೂತಿದೆ ಎನ್ನುವುದರ ಮೇಲೆ ಉತ್ತರ ನಿಂತಿದೆ. ಮಣ್ಣಿನ ಮೇಲೆ ಸುಮ್ನೆ ಬಿದ್ದಿರುವ ಕಲ್ಲು ಹನಿಯ ಹೊಡೆತವನ್ನು ತಾನು ತಿಂದು ಕೆಳಗಿನ ಮಣ್ಣನ್ನು ಕಾಯುತ್ತದೆ. ಅದರ ಅಂಚಿನಲ್ಲಿ ನೀರು ಇಂಗುತ್ತದೆ. ಹಕ್ಕಳೆಯೊಳಗೆ ಹೂತು ಕೂತ ಕಲ್ಲು ಉಳಿದ ಸಂದಿಯನ್ನೂ ಮುಚ್ಚುತ್ತದೆ. ಹೊಲ ಹಸನು ಮಾಡುವ ಹೆಸರಿನಲ್ಲಿ ಮೇಲಿನ ಕಲ್ಲನ್ನೆಲ್ಲ ಆಯಿಸಿ ಹಾಕಿಸುವ ಮೊದಲು ಇದನ್ನು ನೆನಪಿಡಿ.

ಇಳಿಜಾರು ಕಡಿದಾದಷ್ಟೂ ನೀರು ಇಂಗುವುದು ಕಡಿಮೆ ಎಂಬ ನಂಬಿಕೆಯೂ ನಿಮ್ಮ ಲೆಕ್ಕಗಳಲ್ಲಿ ಇರುತ್ತದೆ. ನೀರು ನಿಲ್ಲುವ ಹೊತ್ತು ಕಡಿಮೆಯಾಗುವುದು ನಿಜ. ಆದರೆ ಅಳತೆಗಳು ಎಲ್ಲ ಕಡೆ ಒಂದೇ ದಿಕ್ಕು ತೋರಿಸಿಲ್ಲ. ಕಡಿದಾದ ಕಡೆ ಹರಿಯುವ ನೀರು ಹಕ್ಕಳೆಯನ್ನೇ ಕಿತ್ತುಕೊಂಡು ಹೋಗಿ ಮಣ್ಣಿನ ಬಾಯಿ ಮತ್ತೆ ತೆರೆದ ಉದಾಹರಣೆಗಳೂ ಇವೆ. ಅಲ್ಲಿ ಮಣ್ಣೂ ಹೋಗುತ್ತಿರುತ್ತದೆ, ಅದು ಬೇರೆ ನಷ್ಟ. ಇಳಿಜಾರಿನ ಶೇಕಡಾವಾರು ಒಂದನ್ನೇ ನೋಡಿ ಇಂಗುವ ವೇಗ ಹೇಳಲು ಆಗುವುದಿಲ್ಲ ಎನ್ನುವುದು ಇಲ್ಲಿ ನನ್ನ ಮಾತು.

ಮಣ್ಣಿನೊಳಗೆ ಇನ್ನೊಂದು ತಡೆ ಇದೆ. ವರ್ಷ ವರ್ಷವೂ ಒಂದೇ ಆಳಕ್ಕೆ ಉತ್ತರೆ, ನೇಗಿಲು ಮುಟ್ಟುವ ಮಟ್ಟದ ಕೆಳಗೆ, ಸಾಮಾನ್ಯವಾಗಿ 15ರಿಂದ 25 ಸೆಂಟಿಮೀಟರ್ ಆಳದಲ್ಲಿ, ಮಣ್ಣು ಒತ್ತಿ ಗಟ್ಟಿಯಾಗುತ್ತದೆ. ಹಸಿ ಮಣ್ಣಿನಲ್ಲಿ ಭಾರದ ಯಂತ್ರ ಓಡಿಸಿದರೆ ಇನ್ನೂ ಬೇಗ. ಮೇಲೆ ಇಂಗಿದ ನೀರು ಈ ಪದರದ ಮೇಲೆ ನಿಂತು, ಇಳಿಜಾರು ಹಿಡಿದು ಮಣ್ಣಿನೊಳಗೇ ಅಡ್ಡಕ್ಕೆ ಸಾಗುತ್ತದೆ. ಕೆಳಗಿನ ಹೊಲದಲ್ಲಿ ಒಸರಾಗಿ ಹೊರಗೆ ಬರುತ್ತದೆ. ಮೇಲ್ಮೈ ಅಳತೆಯಲ್ಲಿ ಈ ಹೊಲ ಚೆನ್ನಾಗಿ ನೀರು ಕುಡಿಯುತ್ತದೆ ಎಂದು ಬರೆದಿರುತ್ತೀರಿ. ಆ ನೀರು ಅಂತರ್ಜಲ ಮುಟ್ಟಿತೇ ಎಂದು ಯಾರೂ ನೋಡಿರುವುದಿಲ್ಲ. ಒಂದು ಗುದ್ದಲಿ ತೆಗೆದುಕೊಂಡು ಎರಡಡಿ ಅಗೆದರೆ ಆ ಗಟ್ಟಿ ಪದರ ಕಣ್ಣಿಗೇ ಕಾಣುತ್ತದೆ. ಬೇರುಗಳು ಅಲ್ಲಿಗೆ ಬಂದು ಅಡ್ಡಕ್ಕೆ ತಿರುಗಿರುತ್ತವೆ.

ಮೆಟ್ಟಿಲು ಹೊಲಗಳಲ್ಲಿ ಇನ್ನೊಂದು ಬಗೆ. ಒಂದೇ ಮೆಟ್ಟಿಲಿನ ಒಳಬದಿ ಗುಡ್ಡ ಕಡಿದು ಮಾಡಿದ್ದು, ಹೊರಬದಿ ಆ ಮಣ್ಣು ತುಂಬಿ ಮಾಡಿದ್ದು. ಒಳಗೆ ಗಟ್ಟಿ, ಹೊರಗೆ ಸಡಿಲ. ಕೆಲವೇ ಹೆಜ್ಜೆಗಳ ಅಂತರದಲ್ಲಿ ಎರಡು ಬೇರೆ ಮಣ್ಣು. ದನ ನಡೆಯುವ ದಾರಿ, ಗಾಲಿ ಹೋಗುವ ಜಾಡು ಹೊಲದ ಸಣ್ಣ ಭಾಗ ಮಾತ್ರ, ಆದರೆ ಅವು ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿದಿದ್ದರೆ ಕೊರಕಲು ಶುರುವಾಗುವುದು ಅಲ್ಲಿಂದಲೇ.

ಕಾಲದ ಮಾತು ಇನ್ನೂ ಹೇಳಿಲ್ಲ. ಹೊಸದಾಗಿ ಉತ್ತ ಹೊಲ ಮೊದಲ ಮಳೆಯನ್ನು ಸಲೀಸಾಗಿ ನುಂಗುತ್ತದೆ. ಮಳೆ ಬಿದ್ದು ಬಿದ್ದು ಮಣ್ಣು ಕೂತ ಮೇಲೆ ಅದೇ ಹೊಲದಲ್ಲಿ ವೇಗ ಎಷ್ಟೋ ಪಾಲು ಇಳಿಯುತ್ತದೆ. ಬೆಳೆ ಎದ್ದು ನೆಲ ಮುಚ್ಚಿದ ಮೇಲೆ ಸ್ವಲ್ಪ ಸುಧಾರಿಸುತ್ತದೆ. ಎರೆಮಣ್ಣಿನಲ್ಲಿ ಇದು ಇನ್ನೂ ಜೋರು. ಬೇಸಿಗೆಯಲ್ಲಿ ಬಿಟ್ಟ ಬಿರುಕುಗಳಲ್ಲಿ ನೀರು ಸುರಿದಂತೆ ಇಳಿಯುತ್ತದೆ. ತೊಯ್ದು ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಗಂಟೆಗೆ ಕೆಲವೇ ಮಿಲಿಮೀಟರ್. ಈಗ ಹೇಳಿ, ನಿಮ್ಮ ವರದಿಯ ಆ ಅಂಕಿ ಯಾವ ತಿಂಗಳಿನದು? ಬೇಸಿಗೆಯಲ್ಲಿ ಅಳೆದದ್ದಾದರೆ, ಬದು ಒಡೆಯುವ ಮಳೆ ಬರುವ ತಿಂಗಳಿಗೆ ಅದು ಹೇಗೆ ಹೊಂದುತ್ತದೆ? ಬಹುತೇಕ ವರದಿಗಳಲ್ಲಿ ಅಳತೆಯ ದಿನಾಂಕವೇ ಇರುವುದಿಲ್ಲ.

ಇಷ್ಟೆಲ್ಲ ವ್ಯತ್ಯಾಸ ಕಷ್ಟ ತರುತ್ತದೆ ಎಂದು ಮಾತ್ರ ತಿಳಿಯಬೇಡಿ. ಅದರಲ್ಲೇ ದಾರಿಯೂ ಇದೆ. ವೇಲ್ಸ್ ದೇಶದ ಪಾಂಟ್‌ಬ್ರೆನ್ ಎಂಬಲ್ಲಿ ಕುರಿ ಸಾಕುವ ಗುಡ್ಡಗಳಲ್ಲಿ ರೈತರು ಇಳಿಜಾರಿಗೆ ಅಡ್ಡವಾಗಿ ಮರಗಳ ಪಟ್ಟಿಗಳನ್ನು ಬೆಳೆಸಿದರು. ಆ ಪಟ್ಟಿಗಳ ಒಳಗೆ ನೀರು ಇಂಗುವ ವೇಗ ಪಕ್ಕದ ಮೇವಿನ ನೆಲಕ್ಕಿಂತ 60 ಪಟ್ಟಿನವರೆಗೂ ಹೆಚ್ಚಿತ್ತು ಎಂದು 2004ರಲ್ಲಿ ಪ್ರಕಟವಾದ ಅಳತೆಗಳು ಹೇಳಿದವು. ಅವು ಹಳೆಯ ಕಾಡಿನ ಮರಗಳಲ್ಲ, ಎಳೆಯ ಮರಗಳು. ಕುರಿಗಳ ತುಳಿತ ನಿಂತಿತು, ಬೇರು ಇಳಿಯಿತು, ಮಣ್ಣು ಬಿಡಿಸಿಕೊಂಡಿತು. ನನ್ನ ಮೊದಲ ಲೆಕ್ಕವನ್ನು ಇಲ್ಲಿ ಇಟ್ಟು ನೋಡಿ. ಕುಡಿಯದ ಹೊಲದ ಕೆಳಗೆ ಕುಡಿಯುವ ಒಂದು ಪಟ್ಟಿ ಇದ್ದರೆ ಸಾಕು, ಇಡೀ ಹೊಲವನ್ನು ಮರ ಮಾಡಬೇಕಿಲ್ಲ. ಆದರೆ ಅದೇ ಪಟ್ಟಿಯನ್ನು ನೆತ್ತಿಯ ತುದಿಯಲ್ಲಿ ನೆಟ್ಟರೆ ಅದಕ್ಕೆ ಮೇಲಿನಿಂದ ಬರುವ ನೀರೇ ಇರುವುದಿಲ್ಲ. ಎಷ್ಟು ಗಿಡ ನೆಟ್ಟಿರಿ ಎಂದು ಲೆಕ್ಕ ಕೊಡುತ್ತೀರಿ. ಎಲ್ಲಿ ನೆಟ್ಟಿರಿ ಎಂಬುದನ್ನೂ ಅದೇ ಕಾಳಜಿಯಿಂದ ಬರೆಯಿರಿ.

ಕೋಷ್ಟಕ ನೋಡಿ ಲೆಕ್ಕ ಹಾಕುವ ವಿಧಾನಗಳನ್ನು ನಾನು ತಳ್ಳಿ ಹಾಕುತ್ತಿಲ್ಲ. ಅಮೆರಿಕದ ಮಣ್ಣು ಸಂರಕ್ಷಣಾ ಸೇವೆ 1950ರ ದಶಕದಲ್ಲಿ ರೂಪಿಸಿದ ಕರ್ವ್ ನಂಬರ್ ವಿಧಾನವನ್ನು ನೀವೆಲ್ಲ ಬಳಸುತ್ತೀರಿ. ಮಣ್ಣನ್ನು ನಾಲ್ಕು ಗುಂಪು ಮಾಡಿ, ನೆಲದ ಬಳಕೆ ಸೇರಿಸಿ, ಒಂದು ಅಂಕಿ ಕೊಟ್ಟು, ಮಳೆಯಲ್ಲಿ ಎಷ್ಟು ಪಾಲು ಹರಿಯುತ್ತದೆ ಎಂದು ಹೇಳುವ ವಿಧಾನ ಅದು. ಒಂದು ಹಳ್ಳದ ಬಾಯಿಗೆ ಒಟ್ಟು ಎಷ್ಟು ನೀರು ಬರಬಹುದು ಎಂದು ಅಂದಾಜು ಮಾಡಲು ಅದು ಕೆಲಸಕ್ಕೆ ಬರುತ್ತದೆ. ಆ ಹಳ್ಳದ ಮೇಲಿನ ಗುಡ್ಡದಲ್ಲಿ ಕಂದಕವನ್ನು ಎಲ್ಲಿ ತೋಡಬೇಕು ಎನ್ನುವ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ. ಆ ಪ್ರಶ್ನೆಗೆಂದು ಅದನ್ನು ಮಾಡಿಯೂ ಇಲ್ಲ.

ಅಳೆಯುವುದು ಕಷ್ಟವೇ ಎಂದರೆ, ಅಷ್ಟೇನೂ ಅಲ್ಲ. ಎರಡು ಉಕ್ಕಿನ ಉಂಗುರಗಳು ಸಾಕು. ಸಾಮಾನ್ಯವಾಗಿ ಒಳಗಿನದು 30 ಸೆಂಟಿಮೀಟರ್, ಹೊರಗಿನದು 60 ಸೆಂಟಿಮೀಟರ್ ಅಗಲ. ಎರಡಕ್ಕೂ ನೀರು ತುಂಬಿ ಒಳಗಿನದರಲ್ಲಿ ಮಟ್ಟ ಎಷ್ಟು ಬೇಗ ಇಳಿಯುತ್ತದೆ ಎಂದು ಬರೆದುಕೊಳ್ಳುವುದು. ಹೊರಗಿನ ನೀರು ಒಳಗಿನದು ಪಕ್ಕಕ್ಕೆ ಹೋಗದಂತೆ ತಡೆಯುತ್ತದೆ. ವೇಗ ಒಂದು ಮಟ್ಟಕ್ಕೆ ಬಂದು ನಿಲ್ಲುವವರೆಗೆ ಕಾಯಬೇಕು. ಅರ್ಧ ಗಂಟೆಗೆ ಎದ್ದು ಬಂದರೆ ಸಿಗುವುದು ಒಣ ಮಣ್ಣಿನ ಮೊದಲ ಹಸಿವಿನ ಅಂಕಿ.

ಈ ಉಂಗುರಕ್ಕೂ ಅದರದೇ ಮಿತಿ ಇದೆ, ಅದನ್ನು ತಿಳಿದೇ ಬಳಸಬೇಕು. ಉಂಗುರದಲ್ಲಿ ನೀರು ನಿಂತಿರುತ್ತದೆ, ಹಾಗಾಗಿ ಹುಳುವಿನ ಬಿಲ, ಬೇರಿನ ದಾರಿ ಎಲ್ಲವೂ ನೀರು ಎಳೆಯುತ್ತವೆ. ನಿಧಾನ ಮಳೆಯಲ್ಲಿ ನೆಲದ ಮೇಲೆ ನೀರು ನಿಲ್ಲುವುದೇ ಇಲ್ಲ, ಆ ದೊಡ್ಡ ದಾರಿಗಳು ಖಾಲಿಯೇ ಇರುತ್ತವೆ. ಜೊತೆಗೆ ಉಂಗುರದಲ್ಲಿ ಹನಿಯ ಹೊಡೆತ ಇಲ್ಲ, ಹಕ್ಕಳೆ ಹುಟ್ಟುವುದಿಲ್ಲ. ಹೀಗಾಗಿ ಬರಿ ನೆಲದಲ್ಲಿ ಉಂಗುರದ ಅಂಕಿ ಮಳೆಯಲ್ಲಿ ಸಿಗುವ ಅಂಕಿಗಿಂತ ಹೆಚ್ಚು ಬರುತ್ತದೆ. ಕೃತಕ ಮಳೆ ಸುರಿಸುವ ಸಲಕರಣೆ ಇದ್ದರೆ ಅದರಿಂದ ಒಂದೆರಡು ಕಡೆಯಾದರೂ ತಾಳೆ ನೋಡಿ. ಇಳಿಜಾರಿನಲ್ಲಿ ಉಂಗುರ ಕೂರಿಸಲು ನೆಲ ಕೆತ್ತಿ ಸಮ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಯಾವ ಮೇಲ್ಮೈಯನ್ನು ಅಳೆಯಬೇಕಿತ್ತೋ ಅದನ್ನೇ ಕೆತ್ತಿ ತೆಗೆದ ಹಾಗಾಗುತ್ತದೆ.

ಒಂದು ಜಾಗದಲ್ಲಿ ಒಂದೇ ಸಲ ಉಂಗುರ ಇಟ್ಟು ಅಳೆದರೆ ಅದು ಏನನ್ನೂ ಹೇಳುವುದಿಲ್ಲ. ಕೆಳಗೆ ಬಿಲವೊಂದು ಸಿಕ್ಕಿರಬಹುದು, ಸಿಗದೆಯೂ ಇರಬಹುದು. ಹೆಗಲಿನಲ್ಲಿ, ನಡುವಿನಲ್ಲಿ, ಬುಡದಲ್ಲಿ, ಬದುವಿನ ಬೆನ್ನಿಗೆ, ಗಾಲಿಯ ಜಾಡಿನಲ್ಲಿ, ಒಂದೊಂದು ಕಡೆ ಹಲವು ಸಲ ಅಳೆಯಿರಿ. ಬಿತ್ತನೆಗೆ ಮೊದಲೊಮ್ಮೆ, ಮಳೆಗಾಲದ ನಡುವೆ ಇನ್ನೊಮ್ಮೆ. ಸರಾಸರಿ ಬರೆಯಲೇಬೇಕಾದರೆ ಜೊತೆಗೆ ಅತಿ ಕಡಿಮೆ, ಅತಿ ಹೆಚ್ಚು, ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿಯನ್ನೂ ಬರೆಯಿರಿ.

ಅಳತೆಗಿಂತ ಮೊದಲು ಮಾಡಬೇಕಾದ ಇನ್ನೊಂದು ಕೆಲಸ ಇದೆ. ಜೋರು ಮಳೆ ಬರುವಾಗ ಆ ಗುಡ್ಡವನ್ನು ಒಮ್ಮೆ ಹತ್ತಿ ಇಳಿಯಿರಿ. ನೀರು ಮೊದಲು ಎಲ್ಲಿ ಮಿನುಗುತ್ತದೆ, ಎಲ್ಲಿ ಕೂಡಿಕೊಳ್ಳುತ್ತದೆ, ಎಲ್ಲಿ ಮಾಯವಾಗುತ್ತದೆ ಎಂದು ನೋಡಿ ನಕ್ಷೆಯಲ್ಲಿ ಗುರುತು ಹಾಕಿ. ಹೊಲ ಮಾಡುವವರನ್ನು ಕೇಳಿ. ಮಳೆ ನಿಂತ ಮೇಲೆ ಯಾವ ತುಂಡಿಗೆ ಮೊದಲು ಹದ ಬರುತ್ತದೆ, ಯಾವುದರಲ್ಲಿ ನೇಗಿಲು ಹೂಡಲು ಇನ್ನೂ ಕಾಯಬೇಕು, ಎಲ್ಲಿ ಬೆಳೆ ಹಳದಿ ತಿರುಗುತ್ತದೆ, ಎಲ್ಲಿ ಎರಡು ದಿನದ ಬಿಸಿಲಿಗೇ ಬಾಡುತ್ತದೆ ಎಂದು ಅವರಿಗೆ ಗೊತ್ತು. ಉಂಗುರ ಎಲ್ಲಿ ಹೂಡಬೇಕು ಎಂದು ಅವರಿಗಿಂತ ಚೆನ್ನಾಗಿ ಯಾರೂ ತೋರಿಸಲಾರರು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ನೀರು ಇಂಗಿಸುವುದು ಎಲ್ಲ ಕಡೆಯೂ ಒಳ್ಳೆಯದು ಎಂದು ಹೊರಟರೆ ಅಪಾಯ ಇದೆ. ಬಂಡೆಯ ಮೇಲೆ ತೆಳುವಾಗಿ ಕೂತ ಮಣ್ಣು, ಕಡಿದಾದ ಇಳಿಜಾರು, ಅಲ್ಲಿ ಸಾಲುಸಾಲಾಗಿ ಕಂದಕ ತೋಡಿ ನೀರು ನಿಲ್ಲಿಸಿದರೆ ಮಣ್ಣು ನೆನೆದು ಭಾರವಾಗುತ್ತದೆ. ಸಂದಿಗಳಲ್ಲಿ ನೀರಿನ ಒತ್ತಡ ಏರಿ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಗುಡ್ಡ ಜಾರುವುದು ಹೀಗೆಯೇ. ಅಂಥ ಕಡೆ ನೀರನ್ನು ಮೆಲ್ಲಗೆ ಪಕ್ಕಕ್ಕೆ ತೆಗೆದು ಸುರಕ್ಷಿತ ದಾರಿಯಲ್ಲಿ ಇಳಿಸುವುದೇ ಸರಿ. ದೊಡ್ಡ ಸಂದಿಗಳ ಮೂಲಕ ಬೇಗ ಇಳಿಯುವ ನೀರು ಗೊಬ್ಬರದ ನೈಟ್ರೇಟನ್ನೂ ಜೊತೆಗೆ ಅಂತರ್ಜಲಕ್ಕೆ ಒಯ್ಯುತ್ತದೆ. ಇವೆಲ್ಲ ಒಂದೇ ಅಂಕಿಯ ವರದಿಯಲ್ಲಿ ಕಾಣುವುದಿಲ್ಲ.

ಸಮಯ ಇಲ್ಲ, ಜನ ಇಲ್ಲ, ಗುರಿ ಮುಟ್ಟಬೇಕು ಎಂಬ ಉತ್ತರ ಬರುತ್ತದೆ ಎಂದು ನನಗೆ ಗೊತ್ತು. ಆ ಒತ್ತಡ ನಿಜ. ಆದರೆ ಒಡೆದ ಬದುವನ್ನು ಮತ್ತೆ ಕಟ್ಟಲೂ ಸಮಯ ಬೇಕು, ಹೂಳು ತುಂಬಿದ ಕಂದಕವನ್ನು ಮತ್ತೆ ತೋಡಲೂ ಜನ ಬೇಕು. ತೀರಾ ಬಿಗಿ ಇದ್ದರೆ ಹೆಗಲು, ಬುಡ ಎರಡನ್ನಾದರೂ ಅಳೆಯಿರಿ. ಯಾವುದು ನಿಧಾನ ಎಂದು ಗೊತ್ತಾದರೆ ಮೊದಲ ಬದು ಎಲ್ಲಿ ಬೇಕು ಎನ್ನುವುದು ಅರ್ಧ ತೀರ್ಮಾನವಾದಂತೆ.

ಕೊನೆಯ ಬೇಡಿಕೆ. ಅಳೆದ ಅಂಕಿಗಳನ್ನು ಕಡತದಲ್ಲೇ ಬಿಡಬೇಡಿ. ಯಾವ ಜಾಗ, ಯಾವ ದಿನ, ಆ ದಿನ ಹೊಲ ಉತ್ತಿತ್ತೇ, ನೆಲ ಹಸಿ ಇತ್ತೇ, ಎಷ್ಟು ಸಲ ಅಳೆದಿರಿ, ಏನು ಬಂತು, ಇಷ್ಟನ್ನು ಆ ಹೊಲದ ನಕ್ಷೆಯ ಮೇಲೆ ಬರೆದು ಅಲ್ಲಿ ಬೇಸಾಯ ಮಾಡುವವರ ಕೈಗೆ ಒಂದು ಪ್ರತಿ ಕೊಡಿ. ಕಾಮಗಾರಿ ಮುಗಿದ ಮುಂದಿನ ಮಳೆಗಾಲದಲ್ಲಿ ಅದೇ ಜಾಗಗಳಲ್ಲಿ ಮತ್ತೆ ಅಳೆದು ಪಕ್ಕದಲ್ಲೇ ಹೊಸ ಅಂಕಿ ಬರೆಯಿರಿ. ಬದಲಾವಣೆ ಆಗಿಲ್ಲದಿದ್ದರೆ ಆಗಿಲ್ಲ ಎಂದೇ ಬರೆಯಿರಿ. ಆ ನಕ್ಷೆ ಹಿಡಿದು ಯಾರಾದರೂ ನಿಮ್ಮ ಕಚೇರಿಗೆ ಬಂದು, ಈ ಕಂದಕ ಇಲ್ಲಿ ಯಾಕೆ, ಮೇಲೆ ಯಾಕಲ್ಲ ಎಂದು ಕೇಳಿದರೆ, ಕೂರಿಸಿ ಉತ್ತರ ಕೊಡಿ.

ಇತಿ,
ಇಳಿಜಾರು ಹೊಲಗಳ ಮಣ್ಣಿನ ಜೊತೆ ಕೆಲಸ ಮಾಡುವ ಒಬ್ಬರು